ಐದು ಮಾರಿಗೊಂದು ಕಂಬ

ನನಗೆ ನೆಲ ನೋಡಿಕೊಂಡು ನಡೆಯುವ ಅಭ್ಯಾಸವಿದೆ. ಹೆಣ್ಣು ನೋಡಲು ಹೋದಾಗ ಇದನ್ನು ಕಂಡ ಹುಡುಗಿಯ ತಂದೆ, ಗಂಡು ಬಹಳ ವಿನಯವಂತ ಎಂದು ತೀರ್ಮಾನಿಸಿ ಮಗಳನ್ನು ಕೊಟ್ಟೇಬಿಟ್ಟರು. ಹೆಂಡತಿಗೆ ಈಗ ನಿಜ ಗೊತ್ತಾಗಿದೆ. ದಾರಿಯಲ್ಲಿ ಕಂಡ ಮಡಕೆ ಚೂರನ್ನೆಲ್ಲ ಜೇಬಿಗೆ ಇಳಿಸುವವನ ಪ್ಯಾಂಟು ಒಗೆಯುವವಳಿಗೆ ವಿನಯದ ಯೋಗ್ಯತೆ ತಿಳಿಯದೆ ಇರುತ್ತದೆಯೇ? ಈ ಚಟ ನನಗೆ ಹತ್ತಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಹೊನ್ನವಳ್ಳಿ ಕಡೆಯ ಒಂದು ಹಾಳೂರು ದಿಬ್ಬದ ಮೇಲೆ. ಅಲ್ಲಿ ಆರು ವಾರ ನಾನು ಉತ್ಖನನ ಕಲಿತೆ. ಕಲಿತೆ ಎನ್ನುವುದು ನನ್ನ ಮಾತು. ಜೊತೆಯಲ್ಲಿದ್ದವರನ್ನು ಕೇಳಿದರೆ ಬೇರೆ ಏನಾದರೂ ಹೇಳಬಹುದು.

ಆಗ ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಇತಿಹಾಸದ ಹಂಗಾಮಿ ಮೇಷ್ಟ್ರು. ಹಂಗಾಮಿ ಎಂದರೆ ಪ್ರತಿ ಜೂನ್ ತಿಂಗಳಲ್ಲೂ ಪ್ರಿನ್ಸಿಪಾಲರ ಮುಖ ನೋಡಿ ನನ್ನ ಭವಿಷ್ಯ ತಿಳಿಯಬೇಕು. ಸಿಂಧೂ ಕಣಿವೆಯ ಚರಂಡಿಗಳನ್ನು ಬೋರ್ಡಿನ ಮೇಲೆ ಸೊಗಸಾಗಿ ಬರೆಯುತ್ತಿದ್ದೆನೇ ಹೊರತು ಗುದ್ದಲಿ ಮುಟ್ಟಿದವನಲ್ಲ. ಹುಟ್ಟಿದ್ದು ತುರುವೇಕೆರೆ ಹತ್ತಿರದ ತೆಂಗಿನ ತೋಟದಲ್ಲೇ. ಆದರೆ ಅಪ್ಪ ಗುಂಡಿ ತೋಡಲು ಕರೆದಾಗಲೆಲ್ಲ ನಾನು ಪುಸ್ತಕ ತೆರೆಯುತ್ತಿದ್ದೆ, ಅಮ್ಮ ಮಗುವಿಗೆ ಪರೀಕ್ಷೆ ಎನ್ನುತ್ತಿದ್ದಳು. ಹೀಗೆ ಗುಂಡಿಗಳಿಂದ ತಪ್ಪಿಸಿಕೊಂಡೇ ನಾನು ಎಂ.ಎ. ಆದದ್ದು. ದಿಬ್ಬದ ಮೇಲಿನ ಉತ್ಖನನ ತರಬೇತಿ ಶಿಬಿರದ ಮೊದಲ ದಿನವೇ, ಅದನ್ನು ನಡೆಸುತ್ತಿದ್ದ ಡೈರೆಕ್ಟರ್ ಸಾಹೇಬರು ನಮ್ಮ ಹನ್ನೆರಡು ಜನರ ಮುಂದೆ ಒಂದು ಮಾತು ಹೇಳಿದರು. ಯಾರ ಕೆಲಸ ಚೆನ್ನಾಗಿರುತ್ತದೋ ಅವರನ್ನು ಮುಂದಿನ ವರ್ಷ ಸಹಾಯಕರಾಗಿ ತೆಗೆದುಕೊಳ್ಳುತ್ತಾರಂತೆ. ಆ ಜಾಗ ನನಗೇ ಸಿಗಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಜೂನ್ ತಿಂಗಳಿಗೆ ನಾನು ಅಷ್ಟು ಹೆದರಿದ್ದೆ.

ಅಗೆಯುವುದೆಂದರೆ ಅಗೆಯುವುದಲ್ಲ ಎಂಬುದು ಅಲ್ಲಿಯ ಮೊದಲ ಪಾಠ. ಕೆರೆಯಬೇಕು, ಅದೂ ಗಾರೆ ಕೆಲಸದವರ ಕರಣೆಯಿಂದ. ಮಣ್ಣಿನ ಬಣ್ಣ ಬದಲಾದ ಕಡೆ ನಿಲ್ಲಿಸಿ ಬರೆದುಕೊಳ್ಳಬೇಕು. ಟ್ರೆಂಚು ಎಂಬ ಚೌಕ ಗುಂಡಿಯ ನಾಲ್ಕು ಬದಿಯ ಗೋಡೆಗಳು ನೆಟ್ಟಗಿರಬೇಕು, ಏಕೆಂದರೆ ಯಾವ ಕಾಲದ ಪದರ ಯಾವುದರ ಮೇಲೆ ಕೂತಿದೆ ಎಂದು ಓದುವುದು ಅಲ್ಲೇ. ನನ್ನ ಟ್ರೆಂಚಿನ ಗೋಡೆ ಒಂದೇ ವಾರಕ್ಕೆ ಉಂಡ ಹೊಟ್ಟೆಯ ಹಾಗೆ ಮುಂದಕ್ಕೆ ಬಂತು. ಮಣ್ಣು ಹೊರಲು ನನ್ನ ಪಾಲಿಗೆ ಬಂದಿದ್ದವರು ಪಕ್ಕದ ಹಳ್ಳಿಯ ನಿಂಗಮ್ಮ, ಐವತ್ತು ದಾಟಿದ ಹೆಂಗಸು. ಎರಡು ದಿನ ನನ್ನ ಕಷ್ಟ ನೋಡಿದರು. ಮೂರನೆಯ ದಿನ ಮಂಕರಿ ಕೆಳಗಿಟ್ಟು ನನ್ನ ಕೈಯಿಂದ ಕರಣೆ ತೆಗೆದುಕೊಂಡರು. "ನೀವು ಬರ್ಕಳ್ರಿ ಮೇಷ್ಟ್ರೇ, ನಾನು ಕೆರ್ಕತೀನಿ" ಎಂದರು.

ಅಲ್ಲಿಂದ ನನ್ನ ಗೋಡೆ ನೆಟ್ಟಗಾಯಿತು. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದರೆ ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಡೈರೆಕ್ಟರು ಉಳಿದ ಹನ್ನೊಂದು ಜನರನ್ನು ಕರೆತಂದು ನೋಡಿ ಕಲಿಯಿರಿ ಎಂದಾಗ ನಾನು ತಲೆ ತಗ್ಗಿಸಿ ನಿಂತೆ. ನಿಂಗಮ್ಮ ಮಂಕರಿ ಎತ್ತಿಕೊಂಡು ಮಣ್ಣು ಸುರಿಯಲು ಹೋದರು. ಅವರು ಮಣ್ಣನ್ನು ಬೆರಳಿನಲ್ಲಿ ಹಿಸುಕಿ, ಇದು ಬೇರೆ ಮಣ್ಣು ಎನ್ನುತ್ತಿದ್ದರು. ಹತ್ತು ನಿಮಿಷದ ಮೇಲೆ ನನ್ನ ಕಣ್ಣಿಗೂ ಅದು ಬೇರೆಯಾಗಿ ಕಾಣುತ್ತಿತ್ತು. ನಾನು ಮೃತ್ಪಾತ್ರೆಯ ಅವಶೇಷ ಎಂದು ಬರೆಯುವಷ್ಟರಲ್ಲಿ ಅವರು ಬೋಕಿ ಎಂದು ಹೇಳಿ, ಒರೆಸಿ, ತಟ್ಟೆಗೆ ಹಾಕಿ ಮುಂದಕ್ಕೆ ಹೋಗಿರುತ್ತಿದ್ದರು.

ನಾಲ್ಕನೆಯ ವಾರ ಕೆಂಪು ಮಣ್ಣಿನ ನಡುವೆ ಕಪ್ಪಗೆ ಒಂದು ದುಂಡು ಕಾಣಿಸಿತು. ಸುಮಾರು ಮೂರಡಿ ಅಗಲ. ಒಳಗೆ ಕೆರೆದರೆ ಬೂದಿ, ಅದರ ಕೆಳಗೆ ಹಾಸಿದಂತೆ ಮರಳು. ಪಕ್ಕದ ಟ್ರೆಂಚಿನಲ್ಲೂ ಅಂಥದೇ ಇನ್ನೊಂದು. ಟೇಪು ಹಿಡಿದರೆ ನಡುವೆ ಮೂವತ್ತಡಿ. ಇನ್ನು ಮೂವತ್ತಡಿ ಆಚೆ ಮೂರನೆಯದು ಇರಬೇಕು ಎಂದು ಭವಿಷ್ಯ ನುಡಿದೆ. ಅಗೆಸಿದರೆ ಇತ್ತು. ಆಳುಗಳಲ್ಲಿ ಒಬ್ಬರಿಗೂ ಇದರಿಂದ ಆಶ್ಚರ್ಯವಾಗದಿದ್ದುದನ್ನು ನಾನು ಗಮನಿಸಬೇಕಿತ್ತು. ನಿಂಗಮ್ಮನನ್ನು, ಇದು ಹಳೆಯದೇ ಎಂದು ಕೇಳಿದೆ.

"ಹೂಂ, ಹಳೇದು ಕಣ್ರೀ ಮೇಷ್ಟ್ರೇ. ಭಾಳ ಹಳೇದು."

ಸ್ಥಳೀಯರ ಪರಂಪರೆಯೂ ಇದರ ಪ್ರಾಚೀನತೆಯನ್ನು ಸಮರ್ಥಿಸುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಇನ್ನೆರಡು ವಾರ ನನ್ನನ್ನು ತಡೆಯುವವರು ಇರಲಿಲ್ಲ. ಗುಂಡಿಗಳು ಕಂಬ ನಿಲ್ಲಿಸಿದ್ದ ಕುಳಿಗಳಾದವು, ಮರಳು ಅಡಿಪಾಯವಾಯಿತು, ದಿಬ್ಬದ ತುಂಬ ಒಂದು ಮಹಾಮಂಟಪ ಎದ್ದು ನಿಂತಿತು. ಬೂದಿ ಇರುವುದರಿಂದ ಶತ್ರುಗಳು ಬಂದು ಅದನ್ನು ಸುಟ್ಟರು. ಮಂಟಪ ಕಟ್ಟಿಸಿದ ರಾಜನ ಹೆಸರು ಸಿಕ್ಕಿರಲಿಲ್ಲ, ಆದರೆ ಮೀಸೆ ನನ್ನ ಕಣ್ಣಿಗೆ ಕಟ್ಟಿತ್ತು. ಮೂವತ್ತಡಿಯ ತೊಲೆಗೆ ಆಗ ಮರ ಎಲ್ಲಿಂದ ತಂದರು ಎಂದು ಜೊತೆಯವನೊಬ್ಬ ತಕರಾರು ತೆಗೆದ. ಈ ಸೀಮೆಯಲ್ಲಿ ತೆಂಗಿನ ಮರಕ್ಕೆ ಬರವೇ ಎಂದು ಅವನ ಬಾಯಿ ಮುಚ್ಚಿಸಿದೆ.

ಕೊನೆಯ ದಿನ ಡೈರೆಕ್ಟರು ಒಬ್ಬೊಬ್ಬರ ಟ್ರೆಂಚಿಗೂ ಬಂದು ವಿವರಣೆ ಕೇಳುವುದಿತ್ತು. ಬೆಳಗ್ಗೆಯೇ ನಾನು ನಿಂಗಮ್ಮನ ಮುಂದೆ ನನ್ನ ಭಾಷಣ ಒಪ್ಪಿಸಿದೆ. ಅವರು ಮಂಕರಿ ಬೋರಲು ಹಾಕಿಕೊಂಡು ಕೂತು, ಎಲೆಅಡಿಕೆ ಅಗಿಯುತ್ತಾ, ಶತ್ರುಗಳು ಬಂದು ಬೆಂಕಿ ಇಡುವವರೆಗೂ ಕೇಳಿದರು. ಆಮೇಲೆ ಬಹಳ ಮೆತ್ತಗೆ ಹೇಳಿದರು: "ಮೇಷ್ಟ್ರೇ, ಇದು ತೆಂಗಿನ ಗುಂಡಿ ಕಣ್ರೀ."

ಅವರ ಮಾವ ಇಲ್ಲಿ ತೋಟ ಮಾಡಬೇಕೆಂದು ಐದು ಮಾರಿಗೊಂದರಂತೆ, ಎಂದರೆ ಮೂವತ್ತಡಿಗೊಂದು, ಗುಂಡಿ ಹೊಡೆಸಿದ್ದರಂತೆ. ಮರಳು, ಬೂದಿ, ಉಪ್ಪು ಹಾಕಿ ಸಸಿ ನೆಟ್ಟಿದ್ದರಂತೆ. ಒಂದು ದಿನ ಮನೆಯ ಎಮ್ಮೆಯೇ ಹಗ್ಗ ಕಿತ್ತುಕೊಂಡು ಬಂದು ಅಷ್ಟೂ ಸಸಿ ಮೇಯ್ದು ಹೋಯಿತಂತೆ. ಮಾವ ಸಿಟ್ಟಿಗೆದ್ದು ಅದೇ ಜಾಗಕ್ಕೆ ರಾಗಿ ಎರಚಿದರಂತೆ. ನನ್ನ ಶತ್ರುಸೈನ್ಯವೆಲ್ಲ ಒಂದು ಎಮ್ಮೆಯಾಗಿ ಕರಗಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಗೋಗರೆದೆ.

"ಹಳೇದಾ ಅಂದ್ರಿ, ಹಳೇದು ಅಂದೆ. ಏನು ಅಂತ ಕೇಳ್ಲಿಲ್ವಲ್ಲ." ಆಮೇಲೆ ನನ್ನ ಮುಖ ನೋಡಿ ಅವರಿಗೇ ಅಯ್ಯೋ ಅನ್ನಿಸಿರಬೇಕು. "ನಾನೇನು ಬಾಯಿ ಬುಡಾಕಿಲ್ಲ ಬುಡಿ. ನಿಮ್ಗೆ ಕೆಲ್ಸ ಆಗ್ಲಿ."

ಅಷ್ಟರಲ್ಲಿ ಡೈರೆಕ್ಟರು ಬಂದೇಬಿಟ್ಟರು, ಹಿಂದೆ ಹನ್ನೊಂದು ಜನ. ಅವರು ಗುಂಡಿಗೆ ಇಳಿದು ಅಳೆದರು, ಗೋಡೆ ಸವರಿದರು, ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿ ಎಂದರು. ಆ ಕೈಯಲ್ಲಿ ಮುಂದಿನ ವರ್ಷದ ಕೆಲಸದ ಭಾರ ನನಗೆ ಗೊತ್ತಾಗುತ್ತಿತ್ತು. ಹೇಳಿಬಿಡೋಣ, ಮಂಟಪವೇ ಇರಲಿ ಎಂದುಕೊಂಡು ನಿಂಗಮ್ಮನ ಕಡೆ ನೋಡಿದೆ. ಕೊಟ್ಟ ಮಾತಿನಂತೆ ತುಟಿ ಬಿಗಿದುಕೊಂಡು ಅವರು ಆಕಾಶ ನೋಡುತ್ತಿದ್ದರು. ಆರು ವಾರದಲ್ಲಿ ಮಣ್ಣಿನ ಬಗ್ಗೆ ಒಂದು ಸುಳ್ಳೂ ಆಡದ ಹೆಂಗಸು ನನಗಾಗಿ ಹಾಗೆ ನಿಂತಿದ್ದು ನನಗೆ ತಡೆಯಲಾಗಲಿಲ್ಲ. ನಿಜವಾಗಿ ನಾಚಿಕೆಯಾಯಿತು.

"ಇದು ಮಂಟಪ ಅಲ್ಲ ಸಾರ್. ತೆಂಗಿನ ಗುಂಡಿ" ಎಂದೆ.

ಅಲ್ಲಿಗೇ ನಿಲ್ಲಿಸಿದ್ದರೆ ಇಂದು ನಾನು ಸತ್ಯವಂತನೆಂದು ಹೇಳಿಕೊಂಡು ತಿರುಗಬಹುದಿತ್ತು. ಆದರೆ ಡೈರೆಕ್ಟರ ಕಣ್ಣು ಅರಳಿತು. ಬಹಳ ಜನ ಇಂಥ ಗುಂಡಿ ಕಂಡು ಮೋಸ ಹೋಗುತ್ತಾರೆ, ನೀವು ಹೇಗೆ ಪತ್ತೆ ಮಾಡಿದಿರಿ ಎಂದು ಕೇಳಿದರು. ಪದರ ನೋಡಿದರೆ ತಿಳಿಯುತ್ತದಲ್ಲ ಸಾರ್ ಎಂದು ನನ್ನ ನಾಲಿಗೆ ತಾನಾಗಿ ಹೇಳಿತು. ಅವರು ಇನ್ನೂ ಖುಷಿಯಾಗಿ, ಯಾವ ಕಾಲದ್ದಿರಬಹುದು ಎಂದರು. ನಾನು ಗಡ್ಡ ಕೆರೆದುಕೊಂಡು, ಸುಮಾರು ನಾನೂರು ವರ್ಷ ಎಂದೆ.

ನಿಂಗಮ್ಮ ಮಾತು ಕೊಟ್ಟಿದ್ದು ಮಂಟಪದ ವಿಷಯಕ್ಕೆ ಮಾತ್ರ ಎಂದು ಕಾಣುತ್ತದೆ.

"ಅಲ್ಲ ಸಾಮಿ, ನಮ್ಮ ಮಾವಂದು. ನಾನು ಮದ್ವೆಯಾಗಿ ಬಂದ ವರ್ಸ. ಉಪ್ಪು ಹೊತ್ತಿದ್ದು ನಾನೇಯ."

ಹನ್ನೊಂದು ಜನರೂ ನಕ್ಕರು. ಡೈರೆಕ್ಟರು ನಗಲಿಲ್ಲ. ಗುಂಡಿಯ ಅಂಚಿನಲ್ಲೇ ಕೂತು, ಇನ್ನೇನು ಗೊತ್ತಮ್ಮ ನಿಮಗೆ ಎಂದು ಕೇಳಿದರು. ಆರು ವಾರದಲ್ಲಿ ನಮ್ಮಲ್ಲಿ ಯಾರಿಗೂ ಹೊಳೆಯದ ಪ್ರಶ್ನೆ ಅದು. ಗುಂಡಿ ಹೊಡೆಯುವಾಗ ಆ ಮೂಲೆಯಲ್ಲಿ ಗುದ್ದಲಿಗೆ ಕಲ್ಲಿನ ಸಾಲು ಸಿಕ್ಕಿ, ಮಾವ ಬೈದುಕೊಂಡು ಗುಂಡಿಯ ಸಾಲನ್ನೇ ಪಕ್ಕಕ್ಕೆ ಸರಿಸಿದ್ದನ್ನು ಅವರು ಹೇಳಿದರು. ಸಂಜೆಯೊಳಗೆ ಅಲ್ಲಿ ಕೆರೆದು ನೋಡಿದರೆ ನಿಜವಾದ ಒಂದು ಹಳೆಯ ಮನೆಯ ಗೋಡೆ ಕಾಣಿಸಿಕೊಂಡಿತು.

ಊರಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿ, "ಗುಂಡಿ ಸಾಲು ನೋಡಿದ್ರೂ ಗೊತ್ತಾಗ್ಲಿಲ್ವೇನ್ಲಾ?" ಎಂದು ಕೇಳಿ ಎದ್ದು ತೋಟಕ್ಕೆ ಹೋದರು.

ಮುಂದಿನ ವರ್ಷ ಡೈರೆಕ್ಟರಿಂದ ಕಾಗದ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕಾಣುವಂತೆ ಒಡೆದೆ. ಹೊಸ ಜಾಗದಲ್ಲಿ ಉತ್ಖನನ ಆರಂಭವಾಗುತ್ತಿದೆ, ಶ್ರೀಮತಿ ನಿಂಗಮ್ಮನವರನ್ನು ತಪ್ಪದೆ ಕಳಿಸಿಕೊಡಬೇಕು, ದೂರದ ಊರಾದ್ದರಿಂದ ಒಬ್ಬರೇ ಬರಲು ಅಂಜಿದರೆ ತಾವೂ ಜೊತೆಗೆ ಬರಬಹುದು ಎಂದಿತ್ತು. ಅವರಿಗೆ ಓದಿ ಹೇಳಿದಾಗ, ತಮಗೇನೂ ಅಂಜಿಕೆಯಿಲ್ಲ ಎಂದರು. ನಾನು ಬಹಳ ಹೊತ್ತು ಬೇಡಿಕೊಂಡ ಮೇಲೆ ಸ್ವಲ್ಪ ಅಂಜಲು ಒಪ್ಪಿದರು. ಹಾಗೆ ಹೋದೆವು. ಶಿಬಿರದ ಬಾಗಿಲಲ್ಲಿ ಬಂದವರ ಪಟ್ಟಿ ಅಂಟಿಸಿದ್ದರು. ಮೊದಲ ಸಾಲಿನಲ್ಲೇ ನಿಂಗಮ್ಮ, ಹೊನ್ನವಳ್ಳಿ ಕಡೆಯವರು ಎಂದಿತ್ತು. ನನ್ನ ಹೆಸರಿಗಾಗಿ ಮೂರು ಸಲ ಹುಡುಕಿದೆ. ಕೊನೆಗೆ ಅವರ ಹೆಸರಿನ ಕೆಳಗೇ ಸಣ್ಣ ಅಕ್ಷರದಲ್ಲಿ ಸಿಕ್ಕಿತು: ಜೊತೆಗೆ ಬಂದವರು, ಒಬ್ಬರು.