ಮೈ ದಣಿಸಬ್ಯಾಡ

ಕುಸ್ತಿಗೆ ನಾಲ್ಕು ದಿನ ಇರುವಾಗ ಸೇಡಂ ಸೀಮೆಯ ಮುಧೋಳದ ಗರಡಿಯ ವಸ್ತಾದ್ ಬಂದೇಅಲಿ ತನ್ನ ಪೈಲ್ವಾನ ದೇವಿಂದ್ರಪ್ಪನ ತಾಲೀಮು ನಿಲ್ಲಿಸಿಬಿಟ್ಟ. ಸೇಡಂನ ಡಾಕ್ಟರು ಹಾಗೆ ಹೇಳಿದ್ದರಂತೆ.

"ಮೈಯಾಗ ಹಾರ್ಮೋನು ಅಂತ ಒಂದು ರಸ ಇರ್ತದ. ಭಾಳ ದಣಿದ್ರ ಇಳೀತದ. ಸೇದಾದು ಬಿಟ್ರ ಬಾವಿ ತುಂಬ್ತದಲ್ಲ, ಹಂಗ ಸುಮ್ಮನ ಬಿದ್ಕೊಂಡ್ರ ಏರ್ತದ. ಒಂದು ಕೊಡ ಸುದಾ ಎತ್ತಬ್ಯಾಡ. ಈ ಸಲಾನೂ ಸೋತ್ರ ಲಂಗೋಟ ಗೂಟಕ್ಕ ಹಾಕಿ ಎಮ್ಮಿ ಕಾಯಿ."

ಎರಡು ವರ್ಷ ಚಿತ್ತಾಪುರದ ಅಖಾಡದಲ್ಲಿ ಬೆನ್ನು ಮಣ್ಣು ಮಾಡಿಕೊಂಡು ಬಂದವನಿಗೆ ಇಷ್ಟು ಸಾಕಾಗಿತ್ತು. ಅಂದಿನಿಂದ ಹೊರಸಿನ ಮೇಲೆ ನಿಷ್ಠೆಯಿಂದ ಬಿದ್ದುಕೊಂಡ.

ಕುಸ್ತಿಯ ದಿನ ಬೆಳಿಗ್ಗೆ ಪಕ್ಕದ ಮನೆಯ ಸಾಬಮ್ಮ ಬಂದಳು. ಪೈಲ್ವಾನನಿಗೆ ಮನೆಮನೆಯವರು ಸರದಿಯಂತೆ ಹಾಲು ಕೊಡುವುದು ಊರಿನ ಪದ್ಧತಿ. ಕುಡಿದವನ ತೋಳಿನ ಮೇಲೆ ಕೊಟ್ಟವರಿಗೆ ಹಕ್ಕು ಇದ್ದೇ ಇರುತ್ತದೆ.

"ಖಾಲಿ ಮಲ್ಕೊಂಡಿಯಲ್ಲೋ ದೇವಿಂದ್ರ. ಬೀಸಾಕಲ್ಲು ಒಳಗಿಡು ಬಾ."

"ಯಕ್ಕಾ, ಹಾರ್ಮೋನು ಏರಾಕತ್ತದ. ವಸ್ತಾದ್ ಬ್ಯಾಡ ಅಂದಾರ."

"ಏರ್ಲಿ ಬಿಡು, ನಾ ಏನ್ ಅಡ್ಡ ಬಂದೀನಾ? ಹಾಲು ಕುಡಿಯಾಗ ವಸ್ತಾದನ್ನ ಕೇಳಿದ್ಯಾ?"

ಬೀಸುಕಲ್ಲು ಇಟ್ಟು ಬರುವಷ್ಟರಲ್ಲಿ ಎದುರು ಮನೆಯ ಅಮೃತಪ್ಪನ ಅಂಗಳಕ್ಕೆ ನೆಲಕ್ಕೆ ಹಾಸುವ ಶಹಾಬಾದ ಪರಸಿಕಲ್ಲು ಒಂದು ಬಂಡಿ ಬಂದಿತ್ತು. ಅವನೂ ಹಾಲು ಕೊಟ್ಟವನೇ, ಅದೂ ನೀರು ಬೆರೆಸದ ಎಮ್ಮೆ ಹಾಲು. ಕಲ್ಲಷ್ಟನ್ನೂ ದೇವಿಂದ್ರಪ್ಪನೇ ಇಳಿಸಬೇಕಾಯಿತು. ಇಲ್ಲೇ ಇದ್ದರೆ ಉಳಿಗಾಲವಿಲ್ಲವೆಂದು ಕುಸ್ತಿಗೆ ಮುಂಚೆ ಕುಡಿಯಲೆಂದು ಬಾದಾಮಿ ಹಾಲಿನ ಚಂಬು ಹಿಡಿದು ಬಸ್ಸು ಹತ್ತಿದ. ವಸ್ತಾದ್ ಮೊದಲೇ ಚಿತ್ತಾಪುರಕ್ಕೆ ಹೋಗಿದ್ದ.

ಸೇಡಂ ದಾಟಿದ್ದೇ ಬಸ್ಸು ಕೆಮ್ಮಿ ನಿಂತಿತು. ಕಂಡಕ್ಟರ್ ಗುರುಲಿಂಗಯ್ಯ ಸೀದಾ ಇವನ ಮುಂದೆ ಬಂದ.

"ಪೈಲ್ವಾನ್ರು ಇರಾಗ ನಮಗ್ಯಾಕ ಚಿಂತಿ? ಇಳೀರಿ."

ಎಲ್ಲರೂ ಇಳಿದರು. ಸೇಡಂನಲ್ಲಿ ಹತ್ತಿದ್ದ ಒಬ್ಬ ಮಾತ್ರ ಮೂಗಿನವರೆಗೆ ಕಂಬಳಿ ಹೊದ್ದು ಕುಳಿತೇ ಇದ್ದ.

"ಡಾಕ್ಟರ್ ಮೈ ದಣಿಸಬ್ಯಾಡ ಅಂದಾರಣ್ಣ," ಎಂದು ನರಳಿದ.

ದೇವಿಂದ್ರಪ್ಪನಿಗೆ ಅಯ್ಯೋ ಪಾಪ ಅನಿಸಿತು. ಅವನನ್ನು ಕೂರಿಸಿಕೊಂಡೇ ಬಸ್ಸು ನೂಕಿದ. ಏರು ಬಂದಾಗ ಉಳಿದವರು ನೂಕಿದ್ದಕ್ಕಿಂತ ಹುರುಪು ಕೊಟ್ಟದ್ದೇ ಹೆಚ್ಚು. ಏದುಸಿರು ಬಿಡುತ್ತ ಹತ್ತಿ ಕುಳಿತ ಮೇಲೆ, ಮರುಕ ತಡೆಯಲಾರದೆ ಹಾಲಿನ ಚಂಬನ್ನೂ ರೋಗಿಗೆ ಕೊಟ್ಟ. ಕಂಬಳಿಯೊಳಗಿಂದ ಬಂದ ಕೈ ಬಲು ದಪ್ಪಗಿತ್ತು. ಬೇನೆಗೆ ಬಾತಿರಬೇಕು ಎಂದುಕೊಂಡ.

ಸಂಜೆ ಅಖಾಡದಲ್ಲಿ ಸೇಡಂನ ಹೊಸ ಪೈಲ್ವಾನ ಚಾಂದ್ ಎದುರಿಗೆ ಬಂದು ಕಂಬಳಿ ಕಳಚಿದ. ಅದೇ ಕಂಬಳಿ. ಹಲಗೆ ಬಾರಿಸುವವನು ಕೈ ಬಿಸಿ ಮಾಡಿಕೊಳ್ಳುವ ಮೊದಲೇ ದೇವಿಂದ್ರಪ್ಪ ಆಕಾಶ ನೋಡುತ್ತಿದ್ದ. ಚಾಂದ್ ಕಿವಿಯ ಹತ್ತಿರ ಬಗ್ಗಿದ.

"ಬಾದಾಮಿ ಹಾಲು ಭಾಳ ಛಲೋ ಇತ್ತಣ್ಣ."

ಮರಳುವ ಬಸ್ಸಿನಲ್ಲಿ ವಸ್ತಾದ್ ಪಕ್ಕದಲ್ಲೇ ಕುಳಿತ. ಗೂಟಕ್ಕೆ ಹಾಕಬೇಕಾದ ಲಂಗೋಟ ಅವನ ಚೀಲದಲ್ಲಿತ್ತು. ದೇವಿಂದ್ರಪ್ಪನಿಗೆ ಅಳುವೇ ಬಂದಿತ್ತು. ಸೇಡಂ ಹತ್ತಿರ ಬಸ್ಸು ಮತ್ತೆ ಕೆಮ್ಮಿ ನಿಂತಾಗ ಟವಲನ್ನು ಮೂಗಿನವರೆಗೆ ಎಳೆದುಕೊಂಡ.

"ಡಾಕ್ಟರ್ ಮೈ ದಣಿಸಬ್ಯಾಡ ಅಂದಾರ್ರಿ."

"ಅದು ಕುಸ್ತಿಗಿಂತ ಮೊದಲ," ಎಂದ ಬಂದೇಅಲಿ. "ಈಗ ಇಳಿ."