ಸ್ಟೇಟಸ್ ನೋಡಿ ಬಂದ ಮುಯ್ಯಾಳುಗಳು

ಉಪದೇಶ ಮಾಡುವ ಚಟ ನನಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೇಷ್ಟ್ರಾದವನನ್ನು ಅದು ಶಾಲೆಯ ಗಂಟೆ ಹೊಡೆದ ಮೇಲೂ ಬಿಡುವುದಿಲ್ಲ. ಪಿಯುಸಿ ಓದುವ ಮಗಳು ಸಿಂಚನ ಫೋನು ಹಿಡಿದು ಕೂತದ್ದು ಕಂಡರೆ ಸಾಕು, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಈ ಫೋನು ನಿಮಗೆ ಕರುಳೇ ಇಲ್ಲದ ಹಾಗೆ ಮಾಡಿದೆ, ನಮ್ಮ ಕಾಲದಲ್ಲಿ ಯಾರ ಮನೆಯಲ್ಲಿ ಕೆಲಸವಿದ್ದರೂ ಓಣಿಗೆ ಓಣಿಯೇ ಮುಯ್ಯಾಳಾಗಿ ಹೋಗುತ್ತಿತ್ತು, ಇವತ್ತು ಅವರು ನಮಗೆ ದುಡಿದರೆ ನಾಳೆ ನಾವು ಅವರಿಗೆ, ಎಂದೆಲ್ಲ ಶುರುಮಾಡುತ್ತೇನೆ. ಅವಳು ತಲೆ ಎತ್ತದೆ ‘ಹ್ಞೂಂ’ ಅನ್ನುತ್ತಾಳೆ. ಆ ‘ಹ್ಞೂಂ’ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಈ ಸಲ ಜಗಳೂರಿನ ನಮ್ಮ ಒಂದೆಕರೆಗೆ ಬಿತ್ತಲು ಇಟ್ಟಿದ್ದ ಎರಡು ಚೀಲ ಶೇಂಗಾ ಸುಲಿಯದೆ ಹಾಗೇ ಬಿದ್ದಿತ್ತು. ಮಷೀನಿಗೆ ಹಾಕಿದರೆ ಬೀಜ ಒಡೆಯುತ್ತದೆ, ಒಡೆದದ್ದು ಮೊಳೆಯುವುದಿಲ್ಲ. ಮಳೆಯೋ ಬಿದ್ದಾಗಿತ್ತು, ಹದ ತಪ್ಪಿದರೆ ಹೊಲ ಬೀಳು. ಕೂಲಿಗೆ ಒಬ್ಬರೂ ಸಿಗಲಿಲ್ಲ. ಸಿಟ್ಟಿನಲ್ಲಿ ಮಗಳಿಗೆ, ಆ ಫೋನು ಶೇಂಗಾ ಸುಲಿಯುತ್ತದೇನು ಕೇಳು ಎಂದೆ. ಕೇಳಿಯೇಬಿಟ್ಟಳು. ಚೀಲಗಳ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದಳು. ಭಾನುವಾರ ಬೆಳಗ್ಗೆ ಅವಳ ಒಂಬತ್ತು ಗೆಳತಿಯರು ನಮ್ಮ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಫೋನಿನಲ್ಲಿ ಹಾಡು, ಕೈಯಲ್ಲಿ ಶೇಂಗಾ. ಸಂಜೆಗೆ ಚೀಲ ಖಾಲಿ. ಖುಷಿಪಡಬೇಕಾದ ಹೊತ್ತಿನಲ್ಲಿ ಸ್ಟೇಟಸ್ಸಿನ ಕೊನೆಯ ಸಾಲು ಕಣ್ಣಿಗೆ ಬಿತ್ತು. ಬಂದವರ ಮನೆಗೆಲ್ಲ ನಮ್ಮ ಅಪ್ಪಾಜಿ ಮುಯ್ಯಾಳಾಗಿ ಬರುತ್ತಾರೆ ಎಂದು ಬರೆದಿದ್ದಳು. ಹೊನ್ನಾಳಿಯ ನನ್ನ ತಂಗಿ ಆಗಲೇ ಅದನ್ನು ಓದಿ, ನಮ್ಮ ಮನೆಗೆ ಯಾವಾಗ ಅಣ್ಣ ಎಂದು ಕೇಳಿದ್ದಳು.

ನನ್ನನ್ನು ಕೇಳದೆ ಹೀಗೆ ಹಾಕಬಹುದೇ ಎಂದು ರೇಗಿದೆ.

“ನಿಮಗೆ ರೂಢಿ ಐತೆ ಅಂತ ನೀವೇ ಹೇಳ್ತಿದ್ರಲ್ಲ ಅಪ್ಪಾಜಿ,” ಎಂದಳು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಬೈದು ತಪ್ಪಿಸಿಕೊಳ್ಳಬಹುದಿತ್ತು.

ಮುಂದಿನ ಭಾನುವಾರ ಮೊದಲನೇ ಮನೆ. ಗೆಳತಿಯ ಅಜ್ಜಿ ಗೌರಮ್ಮ ಒರಗಲು ಗೋಡೆ ತೋರಿಸಿ, ಬಿತ್ತನೆಗಿಟ್ಟ ಶೇಂಗಾ ನನ್ನ ಮುಂದೆ ಸುರಿದು, ಸುಲಿದ ಬೀಜಕ್ಕೆ ಮೊರ ಇಟ್ಟರು. ಮಗಳೂ ಅವಳ ಗೆಳತಿಯರೂ ಪಕ್ಕದಲ್ಲೇ ಪಟಪಟ ಸುಲಿಯುತ್ತಿದ್ದರು. ಅರ್ಧ ತಾಸಿಗೆ ನನ್ನ ಹೆಬ್ಬೆರಳು ಬಾತುಕೊಂಡಿತು. ಅಜ್ಜಿ ನನ್ನ ಮೊರದಲ್ಲಿ ಕೈಯಾಡಿಸಿ, ಒಡೆದ ಬೀಜ ಆರಿಸಿ ಆರಿಸಿ ಸಾಕಾಗಿ, ಕೊನೆಗೆ ಮೊರವನ್ನೇ ಎತ್ತಿಕೊಂಡು ಅಡುಗೆಮನೆಗೆ ಹೋದರು. ಬರುವಾಗ ತಟ್ಟೆಯಲ್ಲಿ ಮಂಡಕ್ಕಿ ತಂದರು.

“ನೀವು ಸುಲಿದಿದ್ದು ಚಟ್ನಿಗೆ ಆಗ್ತೈತೆ ಬಿಡ್ರಿ ಮೇಷ್ಟ್ರೆ. ಇದನ್ನ ತಿನ್ಕಂತ ಕುಂದರ್ರಿ, ಹುಡುಗ್ರು ಸುಲೀತಾರೆ.”

ಮಗಳು ನಗಲಿಲ್ಲ. ಸುಮ್ಮನೆ ಜರುಗಿ ನನ್ನ ಪಾಲಿನ ಶೇಂಗಾವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ನನಗೆ ನಾಚಿಕೆಯಾಯಿತು. ನಮ್ಮ ಕಾಲದಲ್ಲಿ ಓಣಿಯೇ ಮುಯ್ಯಾಳಾಗಿ ಹೋಗುತ್ತಿದ್ದದ್ದು ಸುಳ್ಳಲ್ಲ. ಅವ್ವನ ಸೆರಗು ಹಿಡಿದು ನಾನೂ ತಪ್ಪದೆ ಹೋಗುತ್ತಿದ್ದೆ. ಆಗಲೂ ನನ್ನ ಮುಂದೆ ಇಡುತ್ತಿದ್ದದ್ದು ಮಂಡಕ್ಕಿ ತಟ್ಟೆಯನ್ನೇ.