ಚನ್ನಪ್ಪ ಬರೆದ ಕಿಟಕಿ

ಸಂಸಾರ ಮಾಡುವವಳಿಗೆ ತನ್ನ ಮನೆ ಕಾಣುವುದಿಲ್ಲ. ಮೂಲೆಯ ಜೇಡರ ಬಲೆ ಕಾಣುತ್ತದೆ, ಡಬ್ಬಿಯ ತಳ ಮುಟ್ಟಿದ ತೊಗರಿಬೇಳೆ ಕಾಣುತ್ತದೆ, ಗೂಟಕ್ಕೆ ಹಾಕದೆ ಹಾಸಿಗೆಯ ಮೇಲೆ ಬಿಟ್ಟುಹೋದ ಗಂಡನ ಟೋಪಿಯಂತೂ ಮೈಲು ದೂರದಿಂದ ಕಾಣುತ್ತದೆ. ಮನೆ ಮಾತ್ರ ಕಾಣುವುದಿಲ್ಲ. ಬೀದರಿನ ಆ ಬಾಡಿಗೆ ಮನೆಯಲ್ಲಿ ಒಂಬತ್ತು ವರ್ಷ ಕಳೆದ ಮೇಲೆ ನನಗೆ ನಮ್ಮ ಪಡಸಾಲೆ ಕತ್ತಲೆಯಾಗಿದೆ ಎಂದು ಗೊತ್ತಾಯಿತು. ಅದೂ ತಾನಾಗಿ ಗೊತ್ತಾದದ್ದಲ್ಲ, ಬೇರೆಯವರು ಹೇಳಿದ್ದು. ಅಲ್ಲಿಯವರೆಗೆ, ಜೋಳ ಹಸನು ಮಾಡುವಾಗ ಮೊರ ಹಿಡಿದು ಹೊಸ್ತಿಲಿಗೆ ಬಂದು ಕೂರುವುದು ಹೆಂಗಸರ ಸ್ವಭಾವ ಎಂದೇ ನಾನು ತಿಳಿದಿದ್ದೆ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ನಮ್ಮವರು ಔರಾದಿನ ತಹಸೀಲು ಕಚೇರಿಯಲ್ಲಿ ಗುಮಾಸ್ತರು. ಉರ್ದುವಿನಲ್ಲಿ ಕಲಿತು, ಉರ್ದುವಿನಲ್ಲಿ ಬರೆದು, ಉರ್ದುವಿನಲ್ಲೇ ಬೈಸಿಕೊಂಡು ಬೆಳೆದವರು. ಈಗ ಕಡತಗಳೆಲ್ಲ ಕನ್ನಡಕ್ಕೆ ತಿರುಗುತ್ತವೆ ಎಂಬ ಸುದ್ದಿ ಬಂದಿತ್ತು. ನನಗೋ, ಭಾಲ್ಕಿಯ ತವರುಮನೆಯಲ್ಲಿ ವಚನ ಓದಲು ಬರಲಿ ಎಂದು ತಂದೆಯವರು ಚಿಕ್ಕಂದಿನಲ್ಲೇ ಕನ್ನಡ ಕಲಿಸಿದ್ದರು. ಹೀಗಾಗಿ ಶನಿವಾರದ ಬಸ್ಸಿಗೆ ಬಂದ ನಮ್ಮ ಯಜಮಾನರು ಭಾನುವಾರ ಸ್ನಾನ ಮುಗಿಸಿ, ಪಾಟಿ ಹಿಡಿದು ನನ್ನೆದುರು ಕಾಗುಣಿತಕ್ಕೆ ಕೂರುತ್ತಿದ್ದರು. ಒಂದು ರಾಜ್ಯ ಒಬ್ಬ ಹೆಂಗಸಿಗೆ ಇದಕ್ಕಿಂತ ಹೆಚ್ಚು ಏನು ತಾನೇ ಕೊಟ್ಟೀತು?

ಆದರೆ ಕೊಡುವ ಹಾಗೆ ಕಂಡಿತು. ಓಣಿಯ ಇಪ್ಪತ್ತು ಮಕ್ಕಳು ನಮ್ಮ ಪಡಸಾಲೆಯಲ್ಲಿ ನನ್ನ ಬಳಿ ಅಕ್ಷರ ಕಲಿಯುತ್ತಿದ್ದರು. ಅದನ್ನು ಸರಕಾರದ ಕನ್ನಡ ಶಾಲೆಯೆಂದೇ ಒಪ್ಪಿ, ನನ್ನನ್ನೇ ಅಕ್ಕೋರನ್ನಾಗಿ ಮಾಡಬಹುದೆಂಬ ಮಾತು ಎದ್ದಿತು. ಮೊದಲು ನೋಡಲು ಬಂದ ಊರಿನ ಅಧಿಕಾರಿಯೊಬ್ಬರು ಹೊಸ್ತಿಲಲ್ಲೇ ನಿಂತು, "ಬಾಯಿ, ಒಳಗ ಮಕ್ಕಳವ ಏನ್ರಿ? ದನಿ ಕೇಳಸ್ತದ, ಮಾರಿ ಕಾಣವಲ್ದು" ಎಂದರು. ಮುಂದಿನ ತಿಂಗಳು ಮೈಸೂರು ಕಡೆಯಿಂದ ಇನ್‌ಸ್ಪೆಕ್ಟರ್ ಅಮ್ಮನವರು ಬರುತ್ತಾರೆ, ಅವರು ಒಪ್ಪಿದರೆ ಶಾಲೆ, ಇಲ್ಲದಿದ್ದರೆ ಇಲ್ಲ ಎಂದೂ ಹೇಳಿ ಹೋದರು. ಇಲ್ಲವೆಂದರೆ ಮಕ್ಕಳು ಮತ್ತೆ ಗೋಲಿ ಆಟಕ್ಕೆ, ನಾನು ಮತ್ತೆ ಹೊಸ್ತಿಲಿಗೆ.

ಕಿಟಕಿ ಒಡೆಸೋಣವೆಂದರೆ ಗೋಡೆಯ ಆ ಕಡೆ ಮನೆ ಮಾಲೀಕ ಸಾಹೇಬರ ಅಂಗಳ. ಅವರ ಮನೆಯ ಹೆಂಗಸರು ಪರದೆಯವರು. ಮಧ್ಯಾಹ್ನ ಅಲ್ಲಿ ಹಗ್ಗದ ಹೊರಸು ಹಾಕಿಕೊಂಡು ಕೂರುತ್ತಿದ್ದರು. ಸಾಹೇಬರು ಒಳ್ಳೆಯವರು, ಬಾಡಿಗೆಗೆಂದೂ ಜೋರು ಮಾಡಿದವರಲ್ಲ. "ಅಮ್ಮಾಜಿ, ನೀವು ಜೀವಾ ಕೇಳ್ರಿ, ಕೊಡ್ತೇನಿ. ಆ ಗ್ವಾಡಿ ಮಾತ್ರ ಕೇಳಬ್ಯಾಡ್ರಿ" ಎಂದುಬಿಟ್ಟರು.

ಆಗ ನೆನಪಾದವನು ಚನ್ನಪ್ಪ. ನನ್ನ ಚಿಕ್ಕವ್ವನ ಮಗ, ಭಾಲ್ಕಿಯವನು. ಮುಂಬಯಿಗೆ ಹೋಗಿ ಏಳೆಂಟು ವರ್ಷ ಸಿನಿಮಾ ಸ್ಟುಡಿಯೋದಲ್ಲಿ ಸೆಟ್ಟು ಕಟ್ಟುತ್ತಿದ್ದ. ಗೋಣಿತಟ್ಟಿನ ಅರಮನೆ, ಹಲಗೆಯ ಜೈಲು, ಒಳಗೆ ಏನೂ ಇಲ್ಲದ ಅಮೃತಶಿಲೆಯ ಕಂಬ. ಹಾಗಿದ್ದವನು ಒಂದು ದಿನ ರೈಲು ಹತ್ತಿ ಊರಿಗೇ ಬಂದುಬಿಟ್ಟ. ಯಾಕೋ ಎಂದರೆ, "ತಿಂಗಳಗಟ್ಲೆ ಕಟ್ಟಿದ್ದನ್ನ ಒಂದ ಮಧ್ಯಾಹ್ನ ಕೆಡವ್ತಾರ ಅಕ್ಕಾ. ಒಂದಾದ್ರೂ ಉಳಿಯೋದು ಕಟ್ಟಬೇಕನಸ್ತು" ಎಂದಿದ್ದ. ಭಾಲ್ಕಿಯಲ್ಲಿ ಸೀರೆ ಅಂಗಡಿ, ಔಷಧಿ ಅಂಗಡಿಗಳ ಒಳಗನ್ನು ಚೊಕ್ಕ ಮಾಡಿಕೊಡುತ್ತಿದ್ದ. ಜನ ಇನ್ನೂ ಅವನನ್ನು ಸಿನಿಮಾ ಚನ್ನಪ್ಪ ಎಂದೇ ಕರೆಯುತ್ತಿದ್ದರು, ಅವನು ಪರದೆಯ ಮೇಲೆ ಬಂದಿದ್ದನೆಂಬ ಹಾಗೆ.

ಬಂದವನು ಬಣ್ಣದ ಡಬ್ಬಿ ಬಿಚ್ಚಲಿಲ್ಲ. ಪಡಸಾಲೆಯ ನಟ್ಟನಡುವೆ ನಿಂತು, "ಅಕ್ಕಾ, ನೋಡೋರು ಎಲ್ಲಿ ಕೂಡ್ತಾರ?" ಎಂದ.

"ಯಾವ ನೋಡೋರೋ?"

"ಸಿನಿಮಾದಾಗ ಮೊದಲು ಕ್ಯಾಮರಾ ಎಲ್ಲಿ ಇಡ್ತಾರಂತ ಕೇಳ್ತೀವಿ. ಗ್ವಾಡಿ ಆಮ್ಯಾಲ."

"ಇನ್‌ಸ್ಪೆಕ್ಟರ್ ಬಾಯಿ ಕುರ್ಚಿ ಮ್ಯಾಲ ಕೂಡ್ತಾರ."

"ಅವರು ಒಂದ ದಿನ ಕೂಡ್ತಾರ. ದಿನಾ ಕೂಡೋರು?"

ದಿನಾ ಕೂರುವವರು ಮಕ್ಕಳು, ನೆಲದ ಮೇಲೆ. ಸರಿ, ಈ ಗಂಡಸೂ ನೆಲಕ್ಕೆ ಕೂತ. ಇಲ್ಲಿ ಹತ್ತು ನಿಮಿಷ, ಅಲ್ಲಿ ಹತ್ತು ನಿಮಿಷ. ಕೂತಲ್ಲೆಲ್ಲ ಸೀಮೆಸುಣ್ಣದಿಂದ ಒಂದು ಗೀಟು. ಬಾಗಿಲಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮ ಅತ್ತೆ ಇಡೀ ಬೆಳಗು ಇದನ್ನು ನೋಡಿ, "ಶಾಂತಾ, ನಿನ್ನ ತಮ್ಮ ಅಷ್ಟು ದೂರ ಹೋಗಿ ಕೂಡೋದು ಕಲ್ತು ಬಂದಾನ ನೋಡು" ಎಂದರು.

ಮಧ್ಯಾಹ್ನ ಎದ್ದ. ಎದ್ದವನು ಬಾಗಿಲಿನ ಒಳಮೈಗೆ ದಟ್ಟವಾಗಿ ಸುಣ್ಣ ಬಳಿದ. ಬಿಸಿಲು ಆ ಬಿಳಿಗೆ ಬಡಿದು ಒಳಗೆ ತಿರುಗುವ ಹಾಗೆ ಬಾಗಿಲನ್ನು ಎಷ್ಟು ತೆರೆಯಬೇಕೆಂದು ನೆಲದಲ್ಲಿ ಗುರುತು ಮಾಡಿದ. ಸ್ಟುಡಿಯೋದಲ್ಲಿ ಬಿಳಿ ಹಲಗೆ ಹಿಡಿದು ಹೀಗೇ ಬೆಳಕು ತಿರುಗಿಸುತ್ತಾರಂತೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಮಾಳಿಗೆಯ ತೊಲೆಗಳನ್ನು ಎಣಿಸಿದೆ. ಆಮೇಲೆ ಗೋಡೆಯುದ್ದಕ್ಕೂ ಕಪ್ಪು ಬಣ್ಣ ಬಳಿದು ಒಂದು ಕರಿಹಲಗೆ ಮಾಡಿದ. ಮಾಡಿದ್ದೆಲ್ಲಿ ಅಂತೀರಿ? ನನ್ನ ಮೊಣಕಾಲಿನ ಹತ್ತಿರ. ನೋಡಿ ನನಗೆ ಅಳುವೇ ಬಂತು. ಮೈಸೂರಿನವರು, ಬೀದರಿನ ಅಕ್ಕೋರು ತೆವಳುತ್ತಾ ಪಾಠ ಮಾಡುತ್ತಾರೆ ಎಂದುಕೊಳ್ಳುವುದಿಲ್ಲವೇ?

"ಇರ್ಲಿ ಬಿಡು, ನನಗ ಸಾಹೇಬ್ರ ಕಡಿ ಗ್ವಾಡಿಗೆ ಒಂದು ಖಿಡಕಿ ಬರ್ದು ಕೊಡು" ಎಂದೆ.

ತಪ್ಪು ಮಾಡಿದ್ದು ಇಲ್ಲಿ, ಮಾಡಿದವಳು ನಾನು. ಚನ್ನಪ್ಪ ಬೇಡವೆಂದ. "ಸುಳ್ಳು ಖಿಡಕಿ ಸೆಟ್ಟಿನ್ಯಾಗ ಛಂದ ಅಕ್ಕಾ. ಮನ್ಯಾಗ ಜನ ಉಸಿರಾಡ್ತಾರ" ಎಂದ. ನಾನು ಮಾತು ಬಿಟ್ಟೆ, ಅವನಿಗೆ ಸೇರುವ ಪುಂಡಿಪಲ್ಯ ಮಾಡುವುದನ್ನೂ ಬಿಟ್ಟೆ. ಎರಡನೆಯ ದಿನಕ್ಕೆ ಸೋತು ಕುಂಚ ಹಿಡಿದ.

ಏನು ಕಿಟಕಿ ಅದು. ಎರಡು ಬಾಗಿಲು, ಒಂದು ಮುಚ್ಚಿದ್ದು, ಒಂದು ಅರೆ ತೆರೆದದ್ದು. ಸಂದಿಯಲ್ಲಿ ನೀಲಿ ಆಕಾಶ. ಕಬ್ಬಿಣದ ಚಿಲಕಕ್ಕೆ ತುಕ್ಕು ಕೂಡ ಹಿಡಿಸಿದ್ದ. ಮರುದಿನ ನಮ್ಮ ಅತ್ತೆ, ಎಲೆ ಉಗುಳಲು ಹೊರಗೆ ಹೋಗುವ ಶ್ರಮ ತಪ್ಪಿತೆಂದು, ನೇರವಾಗಿ ಆ ಆಕಾಶದೊಳಕ್ಕೇ ಉಗುಳಿದರು. ಉಗುಳಿದ ಮೇಲೆ ಮುಖ ಸಣ್ಣ ಮಾಡಿ ನಿಂತರು. ಚನ್ನಪ್ಪ ಬಂದು ಆ ಕೆಂಪಿಗೆ ಐದು ಎಸಳು, ಕೆಳಗೊಂದು ಹಸಿರು ಟೊಂಗೆ ಬರೆದ. ದಾಸವಾಳವಾಯಿತು.

ಇನ್‌ಸ್ಪೆಕ್ಟರ್ ಅಮ್ಮನವರು ಬಂದ ದಿನ ಬಿಸಿಲು ಬೆಂಕಿ. ಕುರ್ಚಿಯನ್ನು ನಾನೇ ಇಟ್ಟಿದ್ದೆ, ಕಿಟಕಿ ಎದುರಿಗೆ ಕಾಣುವ ಹಾಗೆ, ಕರಿಹಲಗೆ ಬೆನ್ನಿಗೆ ಬೀಳುವ ಹಾಗೆ. ಮಕ್ಕಳು ಪದ್ಯ ಒಪ್ಪಿಸಿದರು, ಮಗ್ಗಿ ಒಪ್ಪಿಸಿದರು. ಅವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ದಾಸವಾಳ ಎಷ್ಟು ಚೆನ್ನಾಗಿ ಬಿಟ್ಟಿದೆ" ಎಂದರು. ನನ್ನ ಎದೆ ಹಿಗ್ಗಿತು. "ಶಾಂತಾಬಾಯಿಯವರೇ, ತುಂಬಾ ಸೆಕೆ. ಆ ಇನ್ನೊಂದು ಬಾಗಿಲೂ ತೆಗೀತೀರಾ?" ಎಂದರು. ಹಿಗ್ಗಿದ ಎದೆ ಅಲ್ಲೇ ನಿಂತಿತು.

ಅತ್ತೆ ಸಹಾಯಕ್ಕೆ ಬಂದರು. "ಅದು ತೆಗೆಯಂಗಿಲ್ರಿ ಬಾಯಿ. ಮಳಿಗೆ ಉಬ್ಬಿ ಕೂತದ."

ಮಳೆ ಬಂದು ಏಳು ತಿಂಗಳಾಗಿತ್ತು. ಅಮ್ಮನವರು ಸುಮ್ಮನೆ ಕೂರುವ ಪೈಕಿಯಲ್ಲ. "ಬಿಡಿ, ನಾನೇ ನೋಡ್ತೀನಿ" ಎಂದು ಎದ್ದುಹೋಗಿ ಚಿಲಕಕ್ಕೆ ಕೈ ಹಾಕಿದರು. ಉಗುರು ಗೋಡೆಗೆ ತಾಗಿದ ಸದ್ದು ನನಗೆ ಇಂದಿಗೂ ಕೇಳುತ್ತದೆ. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದವು. ಅವಕ್ಕೆ ಮೊದಲೇ ಗೊತ್ತಿತ್ತಲ್ಲ.

"ಯಾರು ಬರೆದದ್ದು ಇದು?"

"ನಾ ರೀ" ಎಂದು ಚನ್ನಪ್ಪ ಅಡಿಗೆಮನೆಯಿಂದ ಹೊರಗೆ ಬಂದ.

"ಅವಂದು ತಪ್ಪಿಲ್ರಿ. ಬ್ಯಾಡ ಅಂದಿದ್ದ, ನಾನ ಹಟ ಹಿಡದು ಬರಸ್ದೆ" ಎಂದೆ. ಶಾಲೆ ಹೋಯಿತು ಎಂದುಕೊಂಡ ಮೇಲೆ ನಿಜ ಹೇಳುವುದು ಸುಲಭ.

ಅವರು ನಗಲಿಲ್ಲ, ಬೈಯಲೂ ಇಲ್ಲ. "ಮಕ್ಕಳು ಈ ಕಿಟಕಿಯಿಂದ ಉಸಿರಾಡೋಕ್ಕಾಗಲ್ಲವಲ್ಲ" ಎಂದು ತಿರುಗಿದರು. ತಿರುಗಿದಾಗ ಕಂಡದ್ದು ನಾನು ಬಚ್ಚಿಟ್ಟ ಕರಿಹಲಗೆ. "ಇದ್ಯಾಕೆ ಇಷ್ಟು ಕೆಳಗೆ?"

"ಅವರ ಕಣ್ಣು ಅಲ್ಲೇ ಇರ್ತಾವಲ್ರಿ" ಎಂದ ಚನ್ನಪ್ಪ. "ಬೇಕಾದ್ರ ಕೂತು ನೋಡ್ರಿ."

ಇಸ್ತ್ರಿ ಮಾಡಿದ ಸೀರೆಯುಟ್ಟ ಆ ತಾಯಿ ಕೂತೇಬಿಟ್ಟರು, ನೆಲದ ಮೇಲೆ, ಎರಡು ಮಕ್ಕಳ ನಡುವೆ, ಸೀಮೆಸುಣ್ಣದ ಗೀಟಿನ ಹತ್ತಿರ. ಪಕ್ಕದ ಹುಡುಗಿ ಕೂತಲ್ಲಿಂದಲೇ ಕೈ ಚಾಚಿ ಹಲಗೆಯ ಮೇಲೆ ತನ್ನ ಹೆಸರು ಬರೆದು ತೋರಿಸಿದಳು. ಅಮ್ಮನವರು ತಾವೂ ಹಲಗೆಗೆ ಕೈ ಚಾಚಿ ನೋಡಿದರು. "ನಾನು ಕಂಡ ಶಾಲೆಗಳಲ್ಲೆಲ್ಲ ಮಕ್ಕಳು ಬೋರ್ಡಿಗೆ ಕತ್ತೆತ್ತಿಕೊಂಡೇ ಕೂತಿರ್ತಾರೆ. ನನಗೂ ಹೊಳೆದಿರಲಿಲ್ಲ" ಎಂದರು. ಏಳುವಾಗ, "ಹದಿನೈದು ದಿನ ಕೊಡ್ತೀನಿ, ಗಾಳಿಗೆ ನಿಜವಾದ ದಾರಿ ಮಾಡಿ. ಹಲಗೆ ಮಾತ್ರ ಮುಟ್ಟಬೇಡಿ" ಎಂದರು.

ಚನ್ನಪ್ಪ ಮರುದಿನವೇ ಸಾಹೇಬರ ಮನೆಗೆ ಹೋದ. ಹೆಂಗಸರು ಒಳಗಿದ್ದಾಗ ಅಂಗಳಕ್ಕಿಳಿದು ಅಲ್ಲಿಯೂ ಅದೇ ಪ್ರಶ್ನೆ ಕೇಳಿದ. "ಸಾಹೇಬ್ರ, ಬೀಬಿಯವರು ಎಲ್ಲಿ ಕೂಡ್ತಾರ?" ಅವರು ತೋರಿಸಿದ ಹೊರಸಿನ ಮೇಲೆ ತಾನೇ ಕೂತ, ನಿಂತ, ದಾರ ಹಿಡಿದು ಅಳೆದ. ಮಾಳಿಗೆಗೆ ತಾಗಿದಂತೆ ಎರಡು ಬೆಳಕಿಂಡಿ ಬಿಟ್ಟರೆ ಈ ಕಡೆಯವರಿಗೆ ಆಕಾಶ ಬಿಟ್ಟು ಇನ್ನೇನೂ ಕಾಣುವುದಿಲ್ಲ ಎಂದು ಸಾಹೇಬರನ್ನು ನಮ್ಮ ಪಡಸಾಲೆಗೆ ಕರೆತಂದು ತೋರಿಸಿದ. ಸಾಹೇಬರು ಹೇಳಿದ್ದಿಷ್ಟೆ: "ಎಲ್ಲಾರೂ ಗ್ವಾಡಿ ಕೇಳಿದ್ರು. ನಮ್ಮ ಮಂದಿ ಎಲ್ಲಿ ಕೂಡ್ತಾರಂತ ಕೇಳಿದಾಂವ ನೀ ಒಬ್ಬಾಂವ." ಕೆಂಪು ಕಲ್ಲಿನ ಗೋಡೆ ಒಡೆಯಲು ಅವರೇ ಆಳು ಕಳಿಸಿದರು; ಕೆಳಗೆ ಬರೆದ ಕಿಟಕಿಗೆ ಪೆಟ್ಟು ಬೀಳಲಿಲ್ಲ. ಶಾಲೆ ಶುರುವಾದ ದಿನ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಕಳಿಸಿದರು.

ಊರಿಗೆ ಹೊರಡುವಾಗ ಚನ್ನಪ್ಪ ಗೋಡೆಗೆ ಕೈಯಾನಿಸಿ, "ಇದು ಯಾರೂ ಕೆಡವಂಗಿಲ್ಲಲ್ಲ ಅಕ್ಕಾ?" ಎಂದ. ಇಲ್ಲಪ್ಪ ಎಂದೆ. ಆ ದಿನ ಎರಡು ಪಾಲು ಪುಂಡಿಪಲ್ಯ ಮಾಡಿದ್ದೆ. ಅದಕ್ಕಿಂತ ದೊಡ್ಡ ಉಪಕಾರ ಸ್ಮರಣೆ ನನಗೆ ಗೊತ್ತಿಲ್ಲ.

ಅಂದಿನಿಂದ ನಾನು ಕಂಡಕಂಡವರಿಗೆಲ್ಲ ಈ ಪಾಠ ಹೇಳುತ್ತ ಬಂದೆ. ಏನೇ ಮಾಡುವ ಮೊದಲು ನೋಡುವವರ ಜಾಗದಲ್ಲಿ ಕೂತು ನೋಡಿ ಎಂದು ನೆರೆಯವರಿಗೆ ಹೇಳಿದೆ, ಹೊಸದಾಗಿ ಬಂದ ಅಕ್ಕೋರರಿಗೆ ಹೇಳಿದೆ, ನಮ್ಮವರಿಗಂತೂ ವಾರಕ್ಕೊಮ್ಮೆ ಹೇಳಿದೆ. ಒಂದು ವರ್ಷ ಕಳೆದಿರಬೇಕು. ಪಡಸಾಲೆಯಲ್ಲಿ ಗೋಡೆಗೆ ಹಾಕಿದ ಮಂಚದಡಿಯಲ್ಲಿ ಮನೆಯ ಬೇಡದ್ದನ್ನೆಲ್ಲ ತುರುಕಿ, ಅಂಚಿಗೆ ಹಳೇ ಸೀರೆಯ ಕೌದಿ ಇಳಿಬಿಟ್ಟಿದ್ದೆ. ನಿಂತು ನೋಡಿದರೆ ಬಹಳ ಚೊಕ್ಕ. ಪಾಠದ ನಡುವೆ ಸಾಹೇಬರ ಕಿರಿಯ ಮಗಳು ಕೈ ಎತ್ತಿ, "ಅಕ್ಕೋರ, ನಿಮ್ಮ ಮಂಚದ ಕೆಳಗ ಉಪ್ಪಿನಕಾಯಿ ಭರಣಿ ಅದ ಅಲ್ರಿ? ಅದರ ಮ್ಯಾಲ ಇವತ್ತ ಎರಡು ಇಲಿ ಅವ ರೀ" ಎಂದಳು.

"ದಿನಾ ಎಷ್ಟಿರ್ತಾವ?" ಎಂದೆ, ಬಾಯಿ ತಪ್ಪಿ.

"ದಿನಾ ಒಂದ ಇರ್ತದ್ರಿ" ಎಂದು ಇಡೀ ತರಗತಿ ಒಕ್ಕೊರಲಿನಿಂದ ಉತ್ತರ ಕೊಟ್ಟಿತು.

ಅವರ ನಡುವೆ ನೆಲಕ್ಕೆ ಕೂತೆ. ಆ ಮನೆಯಲ್ಲಿ, ಆ ಜಾಗದಲ್ಲಿ, ನಾನು ಕೂತದ್ದು ಅದೇ ಮೊದಲು. ಭರಣಿ ಕಂಡಿತು, ಹರಿದ ಚಾಪೆ ಕಂಡಿತು, ಮಾಡಿ ಮುಗಿಸಿದ್ದೇನೆಂದು ನಮ್ಮವರು ಆಣೆ ಮಾಡಿದ್ದ ಕಾಗುಣಿತದ ಖಾಲಿ ಪಾಟಿ ಕಂಡಿತು. ಇಪ್ಪತ್ತೆರಡು ಮಕ್ಕಳು ವರ್ಷವಿಡೀ ನೋಡುತ್ತ ಬಂದದ್ದು ಈ ಸಂಸಾರವನ್ನು, ನನ್ನ ಕರಿಹಲಗೆಯನ್ನಲ್ಲ. ನಾಚಿಕೆಯಾಗಿ ಥಟ್ಟನೆ ಏಳಹೋದೆ, ಮೊಣಕಾಲು ಹಿಡಿದುಕೊಂಡಿತು. ಆಸರೆಗೆಂದು ಕೈ ಚಾಚಿ ಕಿಟಕಿಯ ಚೌಕಟ್ಟು ಹಿಡಿಯಲು ಹೋದೆ.

ಚನ್ನಪ್ಪ ಅದನ್ನು ನಿಜಕ್ಕೂ ಬಹಳ ಚೆನ್ನಾಗಿ ಬರೆದಿದ್ದಾನೆ.